ಹೊಸ ನೆಲದುಂಬಿಗೆ ಹೆಸರಿಡುವುದು ಹೇಗೆ: ಗುಂಡಿಬಲೆಯಿಂದ ಪ್ರಕಟಣೆಯವರೆಗೆ

2021ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಕೀಟತಜ್ಞ ಕಿಪ್ ವಿಲ್ ಅವರಿಗೆ ಕ್ಯಾಲಿಫೋರ್ನಿಯಾದ ಒಂದು ಹಳ್ಳದ ದಂಡೆಯಲ್ಲಿ ಕಂದು ಬಣ್ಣದ ಪುಟ್ಟ ದುಂಬಿ ಸಿಕ್ಕಿತು. ಉದ್ದ ಸುಮಾರು 5 ಮಿಲಿಮೀಟರ್. ಜಮೀನು ಆ ರಾಜ್ಯದ ಮಾಜಿ ಗವರ್ನರ್ ಜೆರ್ರಿ ಬ್ರೌನ್ ಅವರದ್ದು. ದುಂಬಿ ಯಾವುದೆಂದು ವಿಲ್ ಅವರಿಗೆ ಗೊತ್ತಾಗಲಿಲ್ಲ. ಈ ಗುಂಪನ್ನೇ ಅರೆದು ಕುಡಿದಿರುವ ಡೇವಿಡ್ ಮ್ಯಾಡಿಸನ್ ಜೊತೆ ಸೇರಿ ಹುಡುಕಿದಾಗ ಅದೇ ದುಂಬಿ ಮ್ಯೂಸಿಯಂ ಪೆಟ್ಟಿಗೆಗಳಲ್ಲಿ ಸಿಕ್ಕಿತು. ಆ ಹಳೆ ಮಾದರಿಗಳಲ್ಲಿ ಕೊನೆಯದನ್ನು ಹಿಡಿದದ್ದು 1966ರಲ್ಲಿ. 55 ವರ್ಷ ಅದು ಹೆಸರಿಲ್ಲದೆ ಸೂಜಿಯ ಮೇಲೆ ಕೂತಿತ್ತು. 2023ರಲ್ಲಿ ಅದಕ್ಕೆ ಬೆಂಬಿಡಿಯಾನ್ ಬ್ರೌನೋರಂ ಎಂದು ಹೆಸರಾಯಿತು.

ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದೇ ಕಥೆ. ಕಾಡಿನಲ್ಲಿ ಹೊಸ ದುಂಬಿ ಸಿಗುವುದು ಅಷ್ಟೇನೂ ಕಷ್ಟವಲ್ಲ. ಅದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ ಎಂದು ತೋರಿಸುವುದೇ ಕಷ್ಟ. ನೆಲದುಂಬಿಗಳ ಕುಟುಂಬ, ಅಂದರೆ ಕ್ಯಾರಾಬಿಡೇ, ತುಂಬಾ ದೊಡ್ಡದು. ಜಗತ್ತಿನಾದ್ಯಂತ ಸುಮಾರು 40,000 ಪ್ರಭೇದಗಳಿಗೆ ಆಗಲೇ ಹೆಸರಿದೆ. ನಿಮ್ಮದು ಆ ಪಟ್ಟಿಯಲ್ಲಿ ಇಲ್ಲ ಎಂದು ತೋರಿಸಬೇಕು, ಅಷ್ಟೇ. ಆ ‘ಅಷ್ಟೇ’ಗೆ ಒಂದೆರಡು ವರ್ಷ ಬೇಕು.

ಒಂದು ಮಾತು: ಮಲೆನಾಡಿನವರಿಗೆ ಜೀರುಂಡೆ ಅಂದರೆ ಮರದ ಮೇಲೆ ಕೂತು ಕಿವಿ ತೂತಾಗುವಂತೆ ಕೂಗುವ ಹುಳ. ಪಠ್ಯಪುಸ್ತಕಗಳಲ್ಲಿ ಜೀರುಂಡೆ ಅಂದರೆ ಗಟ್ಟಿ ರೆಕ್ಕೆಯ ಕೀಟ. ಗೊಂದಲ ಬೇಡ ಅಂತ ಇಲ್ಲಿ ದುಂಬಿ ಎಂದೇ ಬರೆಯುತ್ತೇನೆ.

ಮೊದಲು, ಅದು ನೆಲದುಂಬಿಯೇ?

ಕಪ್ಪಗೆ ಹೊಳೆಯುವ, ಕಲ್ಲಿನಡಿಯಿಂದ ಓಡುವ ದುಂಬಿಗಳೆಲ್ಲ ನೆಲದುಂಬಿಗಳಲ್ಲ. ಅಂಗಾತ ಮಲಗಿಸಿ ಲೆನ್ಸಿನಲ್ಲಿ ನೋಡಿ. ಹಿಂಗಾಲಿನ ಬುಡದ ದೊಡ್ಡ ತಟ್ಟೆ ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡಾಗಿ ಸೀಳಿರಬೇಕು. ಅದರ ಪಕ್ಕ ಹುರುಳಿಬೀಜದಂಥ ಒಂದು ಗುಬುಟು ಎದ್ದು ಕಾಣುತ್ತದೆ. ಪಾದಗಳಲ್ಲಿ ಐದೈದು ಗೆಣ್ಣು. ಮೀಸೆಯಲ್ಲಿ 11 ಗೆಣ್ಣು, ನೂಲಿನಂತೆ ಸಪೂರ, ತುದಿ ದಪ್ಪವಾಗಿರುವುದಿಲ್ಲ. ಹೆಚ್ಚಿನವುಗಳಲ್ಲಿ ಮುಂಗಾಲಿನ ಒಳಬದಿಯಲ್ಲಿ ಒಂದು ಕಚ್ಚು ಇರುತ್ತದೆ. ಮೀಸೆ ಒರೆಸಿಕೊಳ್ಳಲು ಅದೇ ಬಾಚಣಿಗೆ.

ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಓಡಾಡಿದವರು ಆರು ಬಿಳಿ ಚುಕ್ಕೆಯ ದೊಡ್ಡ ಕರಿದುಂಬಿಯನ್ನು ನೋಡಿರುತ್ತೀರಿ. ಅದು ಆಂಥಿಯಾ ಸೆಕ್ಸ್‌ಗುಟಾಟಾ. ಕೈಯಲ್ಲಿ ಹಿಡಿದು ಲಕ್ಷಣ ಕಲಿಯುವಷ್ಟು ದೊಡ್ಡದು. ಆದರೆ ಮುಖದ ಹತ್ತಿರ ತರಬೇಡಿ, ಖಾರದ ದ್ರವ ಚಿಮ್ಮಿಸುತ್ತದೆ. ಚಾರ್ಲ್ಸ್ ಡಾರ್ವಿನ್ ವಿದ್ಯಾರ್ಥಿಯಾಗಿದ್ದಾಗ ಎರಡೂ ಕೈಯಲ್ಲಿ ಒಂದೊಂದು ದುಂಬಿ ಹಿಡಿದಿದ್ದನಂತೆ. ಮೂರನೆಯದು ಕಂಡಾಗ ಕೈ ಖಾಲಿ ಮಾಡಿಕೊಳ್ಳಲು ಒಂದನ್ನು ಬಾಯಿಗೆ ಹಾಕಿಕೊಂಡ. ಅದು ನಾಲಿಗೆ ಸುಟ್ಟಿತು, ಉಗಿದ. ಸೀಸೆಗಳನ್ನು ಜಾಸ್ತಿ ಒಯ್ಯಿರಿ.

ಅನುಮತಿ, ಬಲೆ, ಚೀಟಿ

ಕಾಡಿಗೆ ಹೋಗುವ ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಂತೂ ಇದರಲ್ಲಿ ರಿಯಾಯಿತಿ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಕೆಲವು ನೆಲದುಂಬಿಗಳ ಹೆಸರೂ ಬಂದಿವೆ, ನೋಡಿಕೊಳ್ಳಿ. ‘ಹುಳ ತಾನೇ, ಯಾರು ಕೇಳ್ತಾರೆ’ ಎನ್ನುವವರಿಗೆ ಒಂದು ವಿಷಯ: ಹೊಸ ಪ್ರಭೇದಗಳನ್ನು ಪ್ರಕಟಿಸುವ ವಿಜ್ಞಾನ ಪತ್ರಿಕೆಗಳು ಈಗ ಅನುಮತಿ ಪತ್ರದ ಸಂಖ್ಯೆ ಕೇಳುತ್ತವೆ. ಅದಿಲ್ಲದೆ ಹಿಡಿದ ದುಂಬಿ ಎಷ್ಟೇ ಅಪರೂಪದ್ದಾದರೂ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ತೋಟ ನಿಮ್ಮದೇ ಆಗಿದ್ದರೆ ಅಥವಾ ನೆಂಟರದ್ದಾಗಿದ್ದರೆ ದಾರಿ ಸುಲಭ. ಬ್ರೌನ್ ಅವರ ದುಂಬಿ ಸಿಕ್ಕಿದ್ದೂ ಖಾಸಗಿ ಜಮೀನಿನಲ್ಲೇ. ಅಡಿಕೆ ತೋಟದ ಕಸ, ಕಾಫಿ ತೋಟದ ಮರದ ಬುಡ, ಹೊಳೆಯ ಮರಳಂಚು ಎಲ್ಲವೂ ಒಳ್ಳೆಯ ಜಾಗಗಳು.

ಗುಂಡಿಬಲೆ ಅಂದರೆ ಒಂದು ಪ್ಲಾಸ್ಟಿಕ್ ಲೋಟ. ಬಾಯಿ ನೆಲದ ಮಟ್ಟಕ್ಕೆ ಸರಿಯಾಗಿ ಬರುವಂತೆ ಹೂಳಿ. ಕಾಲು ಇಂಚು ಮೇಲಿದ್ದರೂ ದುಂಬಿ ಸುತ್ತಿಕೊಂಡು ಹೋಗುತ್ತದೆ. ಮಳೆನೀರು ತುಂಬದಂತೆ ಮೇಲೊಂದು ತಗಡು ಅಥವಾ ತಟ್ಟೆಯನ್ನು ಸಣ್ಣ ಕಲ್ಲುಗಳ ಮೇಲೆ ನಿಲ್ಲಿಸಿ. ಒಳಗೆ ಪ್ರೊಪಿಲೀನ್ ಗ್ಲೈಕಾಲ್ ಹಾಕುವುದು ಉತ್ತಮ, ದುಂಬಿ ಕೊಳೆಯುವುದಿಲ್ಲ. ಮನುಷ್ಯರಿಗೆ, ನಾಯಿಗಳಿಗೆ ಅಪಾಯ ಕಡಿಮೆ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇಡವೇ ಬೇಡ. ಸಿಹಿ ಇರುತ್ತದೆ, ನಾಯಿ ಕುಡಿದರೆ ಸಾಯುತ್ತದೆ.

ಗುಂಡಿಬಲೆಗೆ ಬೀಳುವುದು ಓಡಾಡುವ ಜಾತಿಗಳು ಮಾತ್ರ. ಹೊಳೆ ದಂಡೆಯವನ್ನು ಹಿಡಿಯಬೇಕಾದರೆ ಮರಳಂಚಿಗೆ ಬೊಗಸೆಯಿಂದ ನೀರು ಎರಚಿ. ಒಳಗೆ ಅವಿತಿದ್ದವು ಬಡಬಡ ಹೊರಗೆ ಬರುತ್ತವೆ. ತರಗೆಲೆಯನ್ನು ಬಿಳಿ ಬಟ್ಟೆಯ ಮೇಲೆ ಜರಡಿ ಹಿಡಿಯಿರಿ. ಕೆಲವು ಮರದ ಮೇಲೆಯೇ ಬದುಕುವ ಜಾತಿಗಳು, ಹೆಸರಿಗೆ ಮಾತ್ರ ನೆಲದುಂಬಿಗಳು. ಮೊದಲ ಮಳೆಯ ರಾತ್ರಿ ದೀಪಕ್ಕೆ ಬರುವವುಗಳನ್ನೂ ಬಿಡಬೇಡಿ.

ಒಂದೇ ಒಂದು ದುಂಬಿ ಸಿಕ್ಕರೆ ಕುಣಿಯಬೇಡಿ, ಮತ್ತೆ ಅದೇ ಜಾಗಕ್ಕೆ ಹೋಗಿ. ಗಂಡು ಬೇಕೇ ಬೇಕು, ಹೆಣ್ಣೂ ಇದ್ದರೆ ಒಳ್ಳೆಯದು. ಒಂದಿಷ್ಟು ಸಿಕ್ಕರೆ ಎಷ್ಟು ಹೆಚ್ಚುಕಮ್ಮಿ ಇರುತ್ತದೆ ಎಂಬುದು ತಿಳಿಯುತ್ತದೆ. ಕೆಲವನ್ನು ಡಿಎನ್‌ಎಗಾಗಿ ನೇರವಾಗಿ 95 ಶೇಕಡಾ ಎಥನಾಲ್‌ಗೆ ಹಾಕಿ. ಇದು ಅಂಗಡಿಯಲ್ಲಿ ಸುಮ್ನೆ ಸಿಗುವುದಿಲ್ಲ, ಕಾಲೇಜು ಅಥವಾ ಸಂಸ್ಥೆಯ ಮೂಲಕ ತರಿಸಬೇಕು.

ಈಗ ಚೀಟಿ. ಎಷ್ಟು ಹೇಳಿದರೂ ಸಾಲದು, ಚೀಟಿ ಇಲ್ಲದ ದುಂಬಿ ಕಸ. ರಾಜ್ಯ, ಜಿಲ್ಲೆ, ಊರು, ಜಿಪಿಎಸ್ ಅಂಕಿ, ಸಮುದ್ರಮಟ್ಟದಿಂದ ಎತ್ತರ, ತಾರೀಖು, ಹಿಡಿದ ವಿಧಾನ, ಹಿಡಿದವರ ಹೆಸರು. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವ ಪದ್ಧತಿ ಇದೆ. 5-6 ಎಂದರೆ ಮೇ ಆರೋ ಜೂನ್ ಐದೋ ಎಂಬ ಜಗಳ ಬರುವುದಿಲ್ಲ. ನಾನು ಒಮ್ಮೆ ಎರಡು ಲೋಟಗಳ ಚೀಟಿ ಅದಲುಬದಲು ಮಾಡಿಕೊಂಡು, ಘಟ್ಟದ ದುಂಬಿಗೆ ಬಯಲುಸೀಮೆಯ ವಿಳಾಸ ಕೊಟ್ಟಿದ್ದೆ. ಡೈರಿ ಬರೆಯದಿದ್ದರೆ ಅದು ಇವತ್ತಿಗೂ ಹಾಗೇ ಇರುತ್ತಿತ್ತು. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ದುಂಬಿಯ ಜೊತೆಗೇ ಸೀಸೆಯ ಒಳಗೆ ಹಾಕಿ. ಹೊರಗೆ ಅಂಟಿಸಿದ ಚೀಟಿ ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ.

ಸೂಜಿ, ಗೋಂದು ಮತ್ತು ಗಂಡಿನ ಗುಟ್ಟು

ದೊಡ್ಡ ದುಂಬಿಗೆ ಕೀಟಸೂಜಿಯನ್ನು ಬಲ ರೆಕ್ಕೆಯ ಮುಂಭಾಗದಲ್ಲಿ ಚುಚ್ಚುತ್ತಾರೆ. ನಡುವೆ ಚುಚ್ಚಿದರೆ ಎರಡೂ ಬದಿಯ ಗುರುತು ಹಾಳು. ಬಲಗಡೆ ಹಾಳಾದರೂ ಎಡಗಡೆ ಉಳಿದಿರುತ್ತದೆ. ಸಣ್ಣವನ್ನು ದಪ್ಪ ಕಾಗದದ ತ್ರಿಕೋನದ ತುದಿಗೆ, ನೀರಿನಲ್ಲಿ ಕರಗುವ ಗೋಂದಿನಿಂದ ಅಂಟಿಸಿ. ಫೆವಿಕ್ವಿಕ್ ಹಾಕಿದರೆ ಮುಂದೆ ಬಿಚ್ಚಬೇಕಾದವರು ಶಾಪ ಹಾಕುತ್ತಾರೆ.

ಅಸಲಿ ವಿಷಯ ಹೊಟ್ಟೆಯೊಳಗಿದೆ. ಮೇಲಿನಿಂದ ತದ್ರೂಪಿಯಂತೆ ಕಾಣುವ ಎರಡು ನೆಲದುಂಬಿಗಳ ಗಂಡಿನ ಜನನಾಂಗ ಪೂರ್ತಿ ಬೇರೆ ಇರಬಹುದು. ಆದ್ದರಿಂದ ಅದನ್ನು ತೆಗೆದು ನೋಡದೆ ಹೊಸ ಪ್ರಭೇದ ಎಂದು ಬರೆದರೆ ವಿಮರ್ಶಕರು ನಂಬುವುದಿಲ್ಲ, ನಂಬಬಾರದು ಕೂಡ.

ಗಂಡನ್ನು ಗುರುತಿಸುವುದು ಸುಲಭ. ಹೆಚ್ಚಿನ ಜಾತಿಗಳಲ್ಲಿ ಮುಂಗಾಲಿನ ಪಾದದ ಮೊದಲ ಗೆಣ್ಣುಗಳು ಅಗಲವಾಗಿದ್ದು, ಅಡಿಯಲ್ಲಿ ಅಂಟುರೋಮಗಳ ಮೆತ್ತೆ ಇರುತ್ತದೆ. ಒಣಗಿದ ದುಂಬಿಯಾದರೆ ಬಿಸಿನೀರಿನಲ್ಲಿ ನೆನೆಸಿ ಮೆದುಮಾಡಿ. ಹೊಟ್ಟೆಯ ತುದಿಯಿಂದ ಸಣ್ಣ ಕೊಕ್ಕೆ ಸೂಜಿ ಹಾಕಿ ಅಂಗವನ್ನು ಮೆಲ್ಲಗೆ ಎಳೆಯಿರಿ. ಒಳಗೆ ಅದು ನೆಟ್ಟಗೆ ಇರುವುದಿಲ್ಲ, ಮಗ್ಗುಲಾಗಿ ಮಲಗಿರುತ್ತದೆ. ಇದು ಗೊತ್ತಿಲ್ಲದೆ ಎಳೆದು ನಾನು ಮೊದಲ ಎರಡನ್ನು ಮುರಿದೆ. ಮೂರನೆಯದು ಸರಿಯಾಗಿ ಬಂತು, ಚಿಮುಟದಿಂದ ಜಿಗಿದು ಟೇಬಲ್ ಕೆಳಗೆ ಬಿತ್ತು. ಒಂದು ಮಿಲಿಮೀಟರಿನ ಕಂದು ವಸ್ತುವನ್ನು ಕಂದು ಟೈಲ್ಸಿನ ಮೇಲೆ ಹುಡುಕುವುದು ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಅಂದಿನಿಂದ ಬಿಳಿ ತಟ್ಟೆಯೊಳಗೇ ಈ ಕೆಲಸ.

ತೆಗೆದ ಅಂಗವನ್ನು 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಟ್ಟರೆ ಮಾಂಸ ಕರಗಿ ಗಟ್ಟಿ ಭಾಗ ಉಳಿಯುತ್ತದೆ. ಆಗಾಗ ನೋಡುತ್ತಿರಿ, ಮರೆತು ಮಲಗಿದರೆ ಬೆಳಗ್ಗೆ ಪಾರದರ್ಶಕ ಚರ್ಮ ಮಾತ್ರ ಇರುತ್ತದೆ. ಈ ದ್ರಾವಣ ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಆಮೇಲೆ ನೀರಿನಲ್ಲಿ ತೊಳೆದು, ಗ್ಲಿಸರಿನ್ ಇರುವ ಪುಟ್ಟ ಸೀಸೆಯಲ್ಲಿ ಹಾಕಿ, ಅದೇ ದುಂಬಿಯ ಸೂಜಿಗೇ ಚುಚ್ಚಿಡಿ. ದುಂಬಿ ಒಂದು ಕಡೆ, ಅಂಗ ಇನ್ನೊಂದು ಕಡೆ ಆದರೆ ಎರಡೂ ಹೋದಂತೆ. ಮೇಲಿನಿಂದ, ಬದಿಯಿಂದ ಚಿತ್ರ ತೆಗೆಯಿರಿ. ಒಳಚೀಲದಲ್ಲಿ ಮುಳ್ಳುಗಳಿವೆಯೇ, ತುದಿ ಬಾಗಿದೆಯೇ, ಚೂಪೇ, ಮೊಂಡೇ? ಉತ್ತರ ಬಹಳ ಸಲ ಇಲ್ಲೇ ಸಿಗುತ್ತದೆ.

ಹೆಸರಿಲ್ಲ ಎಂದು ಗೊತ್ತಾಗುವುದು ಹೇಗೆ?

ಮೊದಲು ಕುಲದವರೆಗೆ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನವರೆಗೆ ಗುರುತಿಸಿ. ಭಾರತದ ನೆಲದುಂಬಿಗಳಿಗೆ ಇವತ್ತಿಗೂ ಶುರು ಮಾಡುವುದು ಬ್ರಿಟಿಷ್ ಕೀಟತಜ್ಞ ಎಚ್. ಇ. ಆಂಡ್ರ್ಯೂಸ್ ಅವರಿಂದ. ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಸರಣಿಯಲ್ಲಿ 1929 ಮತ್ತು 1935ರಲ್ಲಿ ಅವರ ಎರಡು ಸಂಪುಟಗಳು ಬಂದವು. ಮುಂದಿನ ಭಾಗಗಳು ಬರಲೇ ಇಲ್ಲ. ಹಾಗಾಗಿ ಅವರು ಮುಟ್ಟದೆ ಉಳಿದ ಗುಂಪುಗಳಿಗೆ ಬಿಡಿ ಲೇಖನಗಳನ್ನು ಹುಡುಕಬೇಕು. ಕೀಲಿ ಅಂದರೆ ಲಕ್ಷಣಗಳ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುತ್ತಾ ಹೆಸರಿಗೆ ತಲುಪಿಸುವ ಪಟ್ಟಿ, ಅದರಲ್ಲಿ ಹೆಜ್ಜೆಹೆಜ್ಜೆಯಾಗಿ ಹೋಗಿ. ಕಣ್ಣಿನ ಮೇಲೆ ಉದ್ದ ರೋಮ ಒಂದೋ ಎರಡೋ, ದವಡೆಯ ಹೊರಬದಿಯಲ್ಲಿ ರೋಮ ಇದೆಯೋ ಇಲ್ಲವೋ, ರೆಕ್ಕೆಯ ಗೀರುಗಳು ಎಷ್ಟು. ನೆಲದುಂಬಿಗಳಲ್ಲಿ ಒಂದೊಂದು ರೋಮಕ್ಕೂ ಲೆಕ್ಕವಿದೆ. ರೋಮ ಉದುರಿದ್ದರೂ ಅದರ ಬುಡದ ಗುಳಿ ಕಾಣುತ್ತದೆ, ಅದನ್ನು ಎಣಿಸಿ.

ಆಮೇಲೆ ಆ ಕುಲದ ಎಲ್ಲ ಹೆಸರುಗಳ ಪಟ್ಟಿ ಮಾಡಿ. ವುಲ್ಫ್‌ಗ್ಯಾಂಗ್ ಲೊರೆನ್ಜ್ ಅವರ ಕ್ಯಾರಾಬ್‌ಕ್ಯಾಟ್ ಎಂಬ ಜಾಗತಿಕ ಪಟ್ಟಿ ನೆರವಾಗುತ್ತದೆ. ಕರ್ನಾಟಕದವು ಮಾತ್ರ ನೋಡಿದರೆ ಸಾಲದು. ಶ್ರೀಲಂಕಾ, ಬರ್ಮಾ, ಹಿಮಾಲಯ, ಕೆಲವೊಮ್ಮೆ ಆಫ್ರಿಕಾವರೆಗೂ ನೋಡಬೇಕು. ದುಂಬಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಬೇರೆ ಹೆಸರಿನಲ್ಲಿ ಸೇರಿಹೋದ, ಯಾರೂ ಬಳಸದ ಹಳೆ ಹೆಸರುಗಳನ್ನೂ ಪಟ್ಟಿಗೆ ಸೇರಿಸಿ. ನಿಮ್ಮ ‘ಹೊಸ’ ದುಂಬಿ ಆ ಮೂಲೆಯಲ್ಲೇ ಅಡಗಿರುವ ಸಾಧ್ಯತೆ ಹೆಚ್ಚು.

ಪ್ರತಿ ಹೆಸರಿಗೂ ಮೂಲ ವರ್ಣನೆ ಓದಬೇಕು. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಜಾಲತಾಣದಲ್ಲಿ ಹಳೆಯವು ಬಿಟ್ಟಿಯಾಗಿ ಸಿಗುತ್ತವೆ. ಕೆಲವು ಲ್ಯಾಟಿನ್, ಕೆಲವು ಫ್ರೆಂಚ್, ಕೆಲವು ಜರ್ಮನ್. ಹಳಬರು ಮೂರು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರು. ‘ಕಪ್ಪು, ಹೊಳಪು, ಕಾಲು ಹಳದಿ’ ಎಂದರೆ ನೂರು ದುಂಬಿಗೆ ಹೊಂದುತ್ತದೆ.

ಹಾಗಾಗಿ ಮೂಲಮಾದರಿ ನೋಡದೆ ಗತಿಯಿಲ್ಲ. ಅದಕ್ಕೆ ಹೋಲೋಟೈಪ್ ಎನ್ನುತ್ತಾರೆ. ಹೆಸರು ಅಂಟಿಕೊಂಡಿರುವುದು ಆ ಒಂದು ದುಂಬಿಗೆ. ಹಳೆಯ ಹೆಸರುಗಳಲ್ಲಿ ಎಷ್ಟೋ ಸಲ ಒಂದೇ ಮೂಲಮಾದರಿ ಗುರುತಾಗಿರುವುದಿಲ್ಲ, ಹಲವನ್ನು ಒಟ್ಟಿಗೆ ನೋಡಬೇಕಾಗುತ್ತದೆ. ನಮ್ಮ ಹಳೆ ದುಂಬಿಗಳ ಮೂಲಮಾದರಿಗಳು ಹೆಚ್ಚಾಗಿ ಇಲ್ಲಿಲ್ಲ. ಆಂಡ್ರ್ಯೂಸ್ ಅವರ ಸಂಗ್ರಹ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಹತ್ತೊಂಬತ್ತನೇ ಶತಮಾನದ ಕೀಟತಜ್ಞರಾದ ಷೋಡ್ವಾರ್, ಬೇಟ್ಸ್ ಅವರ ಎಷ್ಟೋ ದುಂಬಿಗಳು ಪ್ಯಾರಿಸ್ಸಿನಲ್ಲಿವೆ. ಕಾರವಾರದ ಕಾಡಿನಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಹಿಡಿದ ದುಂಬಿಗಳೂ ಹೀಗೆಯೇ ಸಮುದ್ರ ದಾಟಿದವು. ಕ್ಲೀನಿಯಸ್ ಕನಾರೇ ಎಂಬ ಹೆಸರಿನಲ್ಲಿ ನಮ್ಮ ಕೆನರಾ ಜಿಲ್ಲೆ ಇದೆ, ಕ್ಯಾಲಿಸ್ಟೊಮೈಮಸ್ ಬೆಲ್ಲೈ ಎಂಬುದರಲ್ಲಿ ಬೆಲ್ ಇದ್ದಾರೆ.

ಅಲ್ಲಿಗೆ ಹೋಗಲು ದುಡ್ಡಿಲ್ಲದಿದ್ದರೆ ಸಂಗ್ರಹದ ಕ್ಯುರೇಟರ್‌ಗೆ ಇಮೇಲ್ ಬರೆಯಿರಿ. ಕುಲ, ಪ್ರಭೇದ, ಲೇಖಕ, ವರ್ಷ, ನಿಮಗೆ ಬೇಕಾದ ಕೋನ ಎಲ್ಲ ಹೇಳಿ. ‘ನಿಮ್ಮಲ್ಲಿರುವ ಭಾರತದ ದುಂಬಿಗಳ ಫೋಟೋ ಕಳಿಸಿ’ ಎಂದರೆ ಯಾರೂ ಉತ್ತರಿಸುವುದಿಲ್ಲ. ಒಂದು ಕಡೆಯಿಂದ ನನಗೆ ಎಂಟು ತಿಂಗಳು ಉತ್ತರವೇ ಬರಲಿಲ್ಲ. ಬಂದಾಗ ಚಿತ್ರ ನೋಡಿದ ಕೂಡಲೇ ಗೊತ್ತಾಯಿತು, ನನ್ನ ದುಂಬಿಗೆ ನೂರು ವರ್ಷದ ಹಿಂದೆಯೇ ಹೆಸರಾಗಿತ್ತು. ಬೇಜಾರಾಯಿತು. ಪ್ರಕಟಿಸಿದ ಮೇಲೆ ಗೊತ್ತಾಗಿದ್ದರೆ ಇನ್ನೂ ಬೇಜಾರಾಗುತ್ತಿತ್ತು, ಅಲ್ವಾ?

ಇಲ್ಲಿಯ ಸಂಗ್ರಹಗಳನ್ನೂ ಮರೆಯಬೇಡಿ. ಕೋಲ್ಕತ್ತಾದ ಜೂಲಾಜಿಕಲ್ ಸರ್ವೆ ಆಫ್ ಇಂಡಿಯಾ, ಬೆಂಗಳೂರಿನಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಎನ್‌ಬಿಎಐಆರ್, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ, ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ. ಗುರುತಿಸದೆ ಇಟ್ಟ ಪೆಟ್ಟಿಗೆಗಳನ್ನು ತೋರಿಸಿ ಎಂದು ಕೇಳಿ. ನಿಮ್ಮ ದುಂಬಿಯ ಅಣ್ಣತಮ್ಮಂದಿರು ಅಲ್ಲಿರಬಹುದು.

ಬೇರೆ ಎಂದರೆ ಎಷ್ಟು ಬೇರೆ?

ಇಲ್ಲಿ ಯಂತ್ರ ಉತ್ತರ ಹೇಳುವುದಿಲ್ಲ, ನೀವೇ ತೀರ್ಮಾನಿಸಬೇಕು. ಬಣ್ಣ ಒಂದನ್ನೇ ನಂಬಬೇಡಿ. ಆಗ ತಾನೆ ಪೊರೆ ಬಿಟ್ಟ ದುಂಬಿ ತಿಳಿಗಂದು ಇರುತ್ತದೆ, ಕೆಲವು ದಿನಕ್ಕೆ ಕಪ್ಪಾಗುತ್ತದೆ. ಗಾತ್ರವೂ ಹಾಗೆಯೇ, ಮರಿಹುಳಕ್ಕೆ ಸಿಕ್ಕ ಊಟದ ಮೇಲೆ ನಿಂತಿರುತ್ತದೆ. ನಂಬಬಹುದಾದ್ದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಲಕ್ಷಣಗಳು, ಹಿಡಿದ ಎಲ್ಲ ದುಂಬಿಗಳಲ್ಲೂ ಒಟ್ಟಿಗೇ ಬದಲಾಗಿರುವುದು. ಉದಾಹರಣೆಗೆ ರೋಮದ ಜಾಗ, ಜನನಾಂಗದ ಆಕಾರ, ಪ್ರೊನೋಟಮ್ ಎಂಬ ಬೆನ್ನಿನ ಮುಂತಟ್ಟೆಯ ಹಿಂಮೂಲೆ.

ಡಿಎನ್‌ಎ ಮಾಡಿಸಲು ಸಾಧ್ಯವಿದ್ದರೆ ಮಾಡಿಸಿ. ಒಂದು ಬದಿಯ ಒಂದು ಕಾಲು ಸಾಕು. ಬಾರ್‌ಕೋಡ್ ಎಂದು ಬಳಸುವ ಸಿಒಐ ಜೀನಿನ ತುಣುಕು ಸುಮಾರು 658 ಅಕ್ಷರಗಳದ್ದು. ಆದರೆ ‘ಇಷ್ಟು ಶೇಕಡಾ ವ್ಯತ್ಯಾಸ ಇದೆ, ಆದ್ದರಿಂದ ಹೊಸದು’ ಎಂಬ ವಾದ ನನಗೆ ಹಿಡಿಸುವುದಿಲ್ಲ. ಹತ್ತಿರದ ನೆಂಟರ ಡಿಎನ್‌ಎ ಯಾರೂ ಮಾಡಿಸಿರದಿದ್ದರೆ ಯಾವುದರ ಜೊತೆ ಹೋಲಿಸುತ್ತೀರಿ? ದೇಹವೂ ಡಿಎನ್‌ಎಯೂ ಒಂದೇ ಕಥೆ ಹೇಳಿದರೆ ಬರೆಯಿರಿ. ಬೇರೆ ಬೇರೆ ಹೇಳಿದರೆ ಇನ್ನಷ್ಟು ದುಂಬಿ ಹಿಡಿಯಿರಿ.

ಹೆಸರು

ಎಲ್ಲರಿಗೂ ಇಷ್ಟದ ಭಾಗ, ನಿಯಮ ಜಾಸ್ತಿ ಇರುವ ಭಾಗ. ಪ್ರಾಣಿಗಳ ಹೆಸರಿಗೆ ಅಂತಾರಾಷ್ಟ್ರೀಯ ಸಂಹಿತೆ ಇದೆ. ಈಗಿರುವುದು ನಾಲ್ಕನೆಯ ಆವೃತ್ತಿ, 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಲೆಕ್ಕದಲ್ಲಿ ಪ್ರಾಣಿ ಹೆಸರುಗಳ ಇತಿಹಾಸ ಶುರುವಾಗುವುದು 1758ರಿಂದ. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿ ತಂದ ವರ್ಷ ಅದು.

ವರ್ಣನೆಯನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು, ಕನ್ನಡದಲ್ಲೂ. ಹೆಸರು ಮಾತ್ರ ಲ್ಯಾಟಿನ್ ಲಿಪಿಯಲ್ಲಿರಬೇಕು. ಕನ್ನಡದಲ್ಲಿ ವರ್ಣಿಸಿದರೆ ಸಂಹಿತೆ ಒಪ್ಪುತ್ತದೆ, ಪೋಲೆಂಡಿನ ತಜ್ಞ ಓದಲಾರ. ಹಾಗಾಗಿ ಎಲ್ಲರೂ ಇಂಗ್ಲಿಷಿನಲ್ಲೇ ಬರೆಯುತ್ತಾರೆ.

ಹೆಸರು ವಿಶೇಷಣವಾದರೆ ಕುಲದ ಲಿಂಗಕ್ಕೆ ಹೊಂದಬೇಕು. ನಮ್ಮ ಆರು ಚುಕ್ಕೆಯ ದುಂಬಿಯನ್ನೇ ನೋಡಿ. 1775ರಲ್ಲಿ ಕೀಟತಜ್ಞ ಫ್ಯಾಬ್ರಿಸಿಯಸ್ ಅದನ್ನು ಕ್ಯಾರಾಬಸ್ ಕುಲದಲ್ಲಿ ವರ್ಣಿಸಿದಾಗ ಕುಲ ಪುಲ್ಲಿಂಗ, ಹೆಸರು ಸೆಕ್ಸ್‌ಗುಟಾಟಸ್. ಮುಂದೆ ಸ್ತ್ರೀಲಿಂಗದ ಆಂಥಿಯಾಗೆ ಹೋದಾಗ ಸೆಕ್ಸ್‌ಗುಟಾಟಾ ಆಯಿತು. ಕುಲ ಬದಲಾಗಿದೆ ಎಂದು ತೋರಿಸಲು ಫ್ಯಾಬ್ರಿಸಿಯಸ್ ಹೆಸರು ಈಗ ಆವರಣದಲ್ಲಿ ಬರುತ್ತದೆ. ಬೆಂಬಿಡಿಯಾನ್ ನಪುಂಸಕ. ಊರಿನಿಂದ ಬಂದ ಹೆಸರಿಗೆ ‘ಎನ್ಸಿಸ್’ ಸೇರಿಸಿದರೆ ಅದು ನಪುಂಸಕ ಕುಲದಲ್ಲಿ ‘ಎನ್ಸೆ’ ಆಗುತ್ತದೆ. ವ್ಯಕ್ತಿಯ ಹೆಸರಾದರೆ ಒಬ್ಬ ಗಂಡಸಿಗೆ ‘ಐ’, ಒಬ್ಬ ಹೆಂಗಸಿಗೆ ‘ಏ’, ಬರೀ ಹೆಂಗಸರಾದರೆ ‘ಆರಂ’, ಗಂಡಸರು ಸೇರಿದ ಗುಂಪಾದರೆ ‘ಓರಂ’. ಬ್ರೌನೋರಂ ಎಂದರೆ ಬ್ರೌನ್ ದಂಪತಿಯ ದುಂಬಿ.

ಒಮ್ಮೆ ಇಟ್ಟ ಹೆಸರು ಇಟ್ಟದ್ದೇ. ಸ್ಲೊವೇನಿಯಾದ ಗುಹೆಯಲ್ಲಿ ಸಿಕ್ಕ ಕುರುಡು ನೆಲದುಂಬಿಯೊಂದಕ್ಕೆ 1930ರ ದಶಕದಲ್ಲಿ ಹಿಟ್ಲರನ ಹೆಸರಿಟ್ಟರು. ಅನಾಫ್ತಾಲ್ಮಸ್ ಹಿಟ್ಲೆರಿ ಇವತ್ತಿಗೂ ಅದೇ. ಹೆಸರಿನ ಆಸೆಗೆ ಜನ ಆ ದುಂಬಿಯನ್ನು ಕದ್ದು ಹಿಡಿದು ಮಾರುತ್ತಾರೆ. ತಮಾಷೆಗೂ ಜಾಗವಿದೆ. ಕೀಟತಜ್ಞ ಟೆರ್ರಿ ಅರ್ವಿನ್ 2002ರಲ್ಲಿ ದಪ್ಪ ತೊಡೆಯ ಒಂದು ನೆಲದುಂಬಿಗೆ, ಕಟ್ಟುಮಸ್ತಾದ ನಟ ಅರ್ನಾಲ್ಡ್ ಶ್ವಾರ್ಜನೆಗರ್ ಹೆಸರಿನಲ್ಲಿ, ಆಗ್ರಾ ಶ್ವಾರ್ಜನೆಗ್ಗೆರಿ ಎಂದು ಹೆಸರಿಟ್ಟರು. ಬದುಕಿರುವ ರಾಜಕಾರಣಿಗಳ ತಂಟೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಊರಿನ, ಹೊಳೆಯ, ದುಂಬಿಯ ರೂಪದ ಹೆಸರು ವರ್ಷ ಕಳೆದರೂ ಮುಜುಗರ ತರುವುದಿಲ್ಲ. ನಿಮ್ಮದೇ ಹೆಸರು ಇಡುವುದನ್ನು ಸಂಹಿತೆ ತಡೆಯುವುದಿಲ್ಲ, ಆದರೆ ಊರೆಲ್ಲ ನಗುತ್ತದೆ.

ಅದೇ ಕುಲದಲ್ಲಿ ಅದೇ ಹೆಸರು ಆಗಲೇ ಇದೆಯೇ ಎಂದು ಕೊನೆಗೊಮ್ಮೆ ನೋಡಿ. ಪ್ರಕಟವಾಗುವ ಮೊದಲು ಹೆಸರನ್ನು ಫೇಸ್‌ಬುಕ್ಕಿನಲ್ಲಿ, ಪತ್ರಿಕಾ ಹೇಳಿಕೆಯಲ್ಲಿ ಬಿಡಬೇಡಿ. ವರ್ಣನೆಯಿಲ್ಲದೆ ಹೊರಬಿದ್ದ ಹೆಸರಿಗೆ ಮಾನ್ಯತೆ ಇಲ್ಲ, ಗೊಂದಲ ಮಾತ್ರ ಉಳಿಯುತ್ತದೆ.

ಬರೆಯುವುದು

ಲೇಖನದಲ್ಲಿ ಕಡ್ಡಾಯವಾದ್ದು ಕೆಲವೇ. ಇದು ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಬೇಕು. ಬೇರೆಯವುಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣಗಳನ್ನು ಬರೆಯಬೇಕು. ಹೋಲೋಟೈಪ್ ಯಾವುದು, ಯಾವ ಸಂಗ್ರಹದಲ್ಲಿ ಇಡುತ್ತೀರಿ ಎಂದು ಹೇಳಬೇಕು. ಉಳಿದ ಮಾದರಿಗಳು ಪ್ಯಾರಾಟೈಪ್‌ಗಳು. ಹೋಲೋಟೈಪ್ ಆಗಿ ಚೆನ್ನಾಗಿರುವ, ಪೂರ್ತಿ ಕಾಲು ಮೀಸೆ ಇರುವ ಗಂಡನ್ನು ಆರಿಸಿ, ಕೆಂಪು ಚೀಟಿ ಹಾಕಿ. ಕೆಂಪು ಬಣ್ಣ ನಿಯಮವಲ್ಲ, ವಾಡಿಕೆ. ಪೆಟ್ಟಿಗೆ ತೆರೆದ ಕೂಡಲೇ ‘ಮುಟ್ಟಬೇಡ’ ಎಂದು ಹೇಳುತ್ತದೆ.

ಡಯಾಗ್ನೋಸಿಸ್ ಮತ್ತು ವರ್ಣನೆ ಬೇರೆ ಬೇರೆ. ಡಯಾಗ್ನೋಸಿಸ್ ಎಂದರೆ ಹತ್ತಿರದ ನೆಂಟನ ಪಕ್ಕ ನಿಲ್ಲಿಸಿ, ಇದು ಅದಲ್ಲ ಏಕೆ ಎಂದು ನಾಲ್ಕೈದು ಸಾಲಿನಲ್ಲಿ ಹೇಳುವುದು. ಲೇಖನದ ಜೀವ ಅದೇ. ವರ್ಣನೆ ತಲೆಯಿಂದ ಬಾಲದವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳುತ್ತದೆ: ಬಣ್ಣ, ಅಳತೆ, ತಲೆ, ಪ್ರೊನೋಟಮ್, ರೆಕ್ಕೆ, ಕೆಳಭಾಗ, ಕಾಲು, ಗಂಡಿನ ಅಂಗ, ಹೆಣ್ಣಿನ ಅಂಗ.

ಬರವಣಿಗೆ ಹಳೆಯ ತಂತಿ ಸಂದೇಶದಂತೆ ಚುಟುಕಾಗಿರಲಿ. ‘ಪ್ರೊನೋಟಮ್ ಸಾಕಷ್ಟು ಅಗಲವಾಗಿದ್ದು ಸುಂದರವಾಗಿ ಹೊಳೆಯುತ್ತದೆ’ ಎಂದರೆ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಿರಿ, ಇಲ್ಲಿನ ಅಂಕಿಗಳು ಬರೀ ನಮೂನೆಗೆ: ‘ಪ್ರೊನೋಟಮ್ ಉದ್ದಕ್ಕಿಂತ 1.32–1.38 ಪಟ್ಟು ಅಗಲ, ಅತಿ ಅಗಲದ ಜಾಗ ನಡುವಿಗಿಂತ ತುಸು ಮುಂದೆ, ಹಿಂಮೂಲೆ ಮೊಂಡು, ಬದಿಯಂಚಿನಲ್ಲಿ ರೋಮ ಎರಡು, ಒಂದು ನಡುವಿನ ಮುಂದೆ, ಒಂದು ಹಿಂಮೂಲೆಯಲ್ಲಿ.’ ಯಾವ ಅಳತೆ ಎಲ್ಲಿಂದ ಎಲ್ಲಿಗೆ ಎಂದು ಮೊದಲೇ ಹೇಳಿ. ಎಷ್ಟು ದುಂಬಿ ಅಳೆದಿರಿ ಎಂಬುದನ್ನೂ ಹೇಳಿ.

ಚಿತ್ರ ತೆಗೆಯುವಾಗ ಹೊಳಪೇ ಶತ್ರು. ಬೆಳಕಿನ ಮುಂದೆ ಟ್ರೇಸಿಂಗ್ ಪೇಪರ್ ಸುತ್ತಿದರೆ ಅರ್ಧ ಸಮಸ್ಯೆ ಮುಗಿಯಿತು. ಬೇರೆ ಬೇರೆ ಆಳದಲ್ಲಿ ಹಲವು ಫೋಟೋ ತೆಗೆದು ಸಾಫ್ಟ್‌ವೇರಿನಲ್ಲಿ ಜೋಡಿಸಿ. ಅಳತೆಯ ಗೆರೆ ಚಿತ್ರದೊಳಗೇ ಇರಲಿ. ‘20 ಪಟ್ಟು ದೊಡ್ಡದು’ ಎಂಬುದು ಮೊಬೈಲಿನಲ್ಲಿ ಓದುವವನಿಗೆ ಅರ್ಥವಿಲ್ಲದ ಮಾತು. ಕೀಲಿಯಲ್ಲಿ ನಿಮ್ಮ ದುಂಬಿ ಎಲ್ಲಿ ಕೂರುತ್ತದೆ ಎಂದು ತೋರಿಸಿದರೆ ಮುಂದಿನವರು ಹರಸುತ್ತಾರೆ.

ಪ್ರಕಟಣೆ ಮತ್ತು ಆಮೇಲೆ

ಜೂಟ್ಯಾಕ್ಸಾ, ಜೂಕೀಸ್, ನಮ್ಮ ಕೊಯಮತ್ತೂರಿನಿಂದ ಬರುವ ಜರ್ನಲ್ ಆಫ್ ತ್ರೆಟನ್ಡ್ ಟ್ಯಾಕ್ಸಾ ಇಂಥ ಲೇಖನಗಳನ್ನು ತೆಗೆದುಕೊಳ್ಳುತ್ತವೆ. ‘ಮೂರು ದಿನದಲ್ಲಿ ಪ್ರಕಟ, ದುಡ್ಡು ಕಳಿಸಿ’ ಎನ್ನುವವರಿಂದ ದೂರವಿರಿ. ಅಲ್ಲಿ ಬಂದ ಹೆಸರೂ ನಿಯಮ ಪೂರೈಸಿದ್ದರೆ ಮಾನ್ಯವೇ. ಅದೇ ತಲೆನೋವು, ತಪ್ಪುಗಳೂ ಶಾಶ್ವತ.

ಆನ್‌ಲೈನ್ ಪತ್ರಿಕೆಯಾದರೆ ಇನ್ನೊಂದು ಹೆಜ್ಜೆ ಇದೆ. ಸಂಹಿತೆಯ 2012ರ ತಿದ್ದುಪಡಿಯ ಪ್ರಕಾರ ಲೇಖನವನ್ನು ಪ್ರಾಣಿ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಿ, ಅದರ ಗುರುತು ಲೇಖನದೊಳಗೆ ಮುದ್ರಿಸಿರಬೇಕು. ಪ್ರಕಟಣೆಯ ತಾರೀಖೂ ಅದರಲ್ಲಿರಬೇಕು. ಇದು ತಪ್ಪಿದರೆ ಹೆಸರಿಗೆ ಮಾನ್ಯತೆ ಇಲ್ಲ. ಸಂಪಾದಕರು ನೋಡಿಕೊಳ್ಳುತ್ತಾರೆ ಎಂದು ಕೂರಬೇಡಿ, ಪ್ರೂಫ್ ಬಂದಾಗ ನೀವೇ ಹುಡುಕಿ. ಪ್ರೂಫಿನಲ್ಲಿ ಹೆಸರಿನ ಕಾಗುಣಿತವನ್ನು ಪ್ರತಿ ಜಾಗದಲ್ಲೂ ನೋಡಿ. ನಾಲ್ಕು ಕಡೆ ಎರಡು ರೀತಿ ಅಚ್ಚಾದರೆ ಯಾವುದು ಸರಿ ಎಂದು ಇನ್ನೊಬ್ಬರು ಇನ್ನೊಂದು ಲೇಖನ ಬರೆಯಬೇಕಾಗುತ್ತದೆ.

ಭಾರತದಲ್ಲಿ ಒಂದು ಕಾನೂನಿನ ಕೆಲಸವೂ ಬಾಕಿಯಿದೆ. ಜೈವಿಕ ವೈವಿಧ್ಯ ಕಾಯ್ದೆ 2002ರ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡುಹಿಡಿದವರು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಬೇಕು, ಮಾದರಿಯನ್ನೂ ಅಲ್ಲಿ ಇಡಬೇಕು. ಪ್ರಾಣಿಗಳಿಗೆ ಜೂಲಾಜಿಕಲ್ ಸರ್ವೆ ಅಂಥದ್ದೊಂದು. ಹೋಲೋಟೈಪನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಆಸೆ ಯಾರಿಗಿಲ್ಲ? ಆದರೆ ಮನೆಯ ಬೀರುವಿಗೆ ಇರುವೆ ಬರುತ್ತದೆ, ಬೂಷ್ಟು ಬರುತ್ತದೆ. ಹೊರದೇಶದ ತಜ್ಞರಿಗೆ ದುಂಬಿ ಕಳಿಸುವ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿಕೊಳ್ಳಿ. ಸುಮ್ನೆ ಕವರಿನಲ್ಲಿ ಹಾಕಿ ಅಂಚೆಗೆ ಕೊಡುವ ಕಾಲ ಹೋಯಿತು.

ಎಲ್ಲ ಮುಗಿದ ಮೇಲೆ ಮುದ್ರಿತ ಪ್ರತಿಯೊಂದನ್ನು ಅನುಮತಿ ಕೊಟ್ಟ ಅರಣ್ಯ ಕಚೇರಿಗೆ ಕಳಿಸಿ, ಇನ್ನೊಂದನ್ನು ತೋಟದ ಮಾಲೀಕರಿಗೆ. ಮೂಲಮಾದರಿಯ ಚಿತ್ರ ಕಳಿಸಿದ ಕ್ಯುರೇಟರ್‌ಗೂ ಪಿಡಿಎಫ್ ಹೋಗಲಿ, ಪೆಟ್ಟಿಗೆಯಲ್ಲಿ ಹಳೆಯ ‘ಗುರುತಿಸಿಲ್ಲ’ ಚೀಟಿಯ ಕೆಳಗೆ ಅವರು ಹೊಸ ಹೆಸರು ಬರೆದಿಡುತ್ತಾರೆ. ಆಮೇಲೆ, ಮೊದಲ ಮಳೆಗೆ ಮುಂಚೆ, ಹಳೆಯ ಗುಂಡಿಬಲೆಗಳನ್ನೆಲ್ಲ ಕಿತ್ತು ಗುಂಡಿ ಮುಚ್ಚಿ ಬನ್ನಿ. ಮರೆತು ಬಿಟ್ಟ ಲೋಟಗಳು ವರ್ಷವಿಡೀ ದುಂಬಿ ಹಿಡಿಯುತ್ತಲೇ ಇರುತ್ತವೆ.